ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಅಂದರೆ ಬೇಡ ಅನ್ನುವವರನ್ನು ನಾನು ನೋಡಿಲ್ಲ. ಮಾತು ಮುಂದುವರಿದ ಮೇಲೆ 'ಆದರೆ' ಶುರುವಾಗುತ್ತದೆ. ಆದರೆ ಅವರು ಬರೋದೇ ರಾತ್ರಿ ಹತ್ತಕ್ಕೆ. ಆದರೆ ಮಗ ರೂಮಿಂದ ಹೊರಗೇ ಬರಲ್ಲ. ಆದರೆ ಕೂತರೆ ಜಗಳ. ಪರಿಚಯದವರು ಸಿಕ್ಕಾಗ ಕೇಳಿದ, ಬರೆದು ಕಳಿಸಿದ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಬ್ಬರು ಮಕ್ಕಳ ತಾಯಿ, ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುವ ಚಟ ಅಂಟಿಸಿಕೊಂಡವಳು.

## ಶುರುವಿನ ಪ್ರಶ್ನೆಗಳು

ಒಟ್ಟಿಗೆ ಊಟ ಮಾಡಿದ್ರೆ ನಿಜವಾಗ್ಲೂ ಏನಾದ್ರೂ ಆಗುತ್ತಾ, ಇಲ್ಲಾ ಸುಮ್ನೆ ಹೇಳೋ ಮಾತಾ?

ಆಗುತ್ತದೆ, ಆದರೆ ಪವಾಡ ಆಗುವುದಿಲ್ಲ. 2011ರಲ್ಲಿ ಇಬ್ಬರು ಸಂಶೋಧಕರು ಅದುವರೆಗೆ ಬಂದಿದ್ದ 17 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ನೋಡಿದರು. ಎಲ್ಲ ಸೇರಿ 1.8 ಲಕ್ಷಕ್ಕೂ ಹೆಚ್ಚು ಮಕ್ಕಳು. ವಾರಕ್ಕೆ ಮೂರು ಸಲವಾದರೂ ಮನೆಯವರ ಜೊತೆ ಕೂತು ಉಣ್ಣುವ ಮಕ್ಕಳಲ್ಲಿ ತೂಕ ಮಿತಿಮೀರಿರುವ ಸಾಧ್ಯತೆ ಶೇ. 12ರಷ್ಟು ಕಡಿಮೆ ಇತ್ತು. ಆರೋಗ್ಯಕ್ಕೆ ಒಗ್ಗದ ತಿಂಡಿ ತಿನ್ನುವುದು ಶೇ. 20ರಷ್ಟು ಕಡಿಮೆ. ಉಪವಾಸ ಬೀಳುವುದು, ತಿಂದದ್ದನ್ನು ಬೇಕಂತಲೇ ವಾಂತಿ ಮಾಡುವುದು, ಇಂಥ ದಾರಿ ತಪ್ಪಿದ ಅಭ್ಯಾಸಗಳು ಶೇ. 35ರಷ್ಟು ಕಡಿಮೆ.

ಕೊನೆಯದು ನನಗೆ ದೊಡ್ಡದಾಗಿ ಕಂಡಿತು. ತೂಕದ ಮಾತನ್ನು ಎಲ್ಲರೂ ಆಡುತ್ತಾರೆ, ಇದರ ಬಗ್ಗೆ ಬಾಯಿ ಬಿಡುವವರು ಕಮ್ಮಿ.

ಎಷ್ಟು ಸಲ ಕೂತ್ರೆ ಸಾಕು? ನಮಗೆ ದಿನಾ ಆಗಲ್ಲ.

ವಾರಕ್ಕೆ ಮೂರು ಅನ್ನುವ ಸಂಖ್ಯೆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವರು ಐದನ್ನು ಗಡಿ ಮಾಡಿಕೊಂಡಿದ್ದಾರೆ. ಎರಡಾದರೆ ಸೊನ್ನೆ, ಮೂರಾದರೆ ಪೂರ್ತಿ ಲಾಭ ಅಂತೇನೂ ಇಲ್ಲ. ಈಗ ಒಂದೂ ಇಲ್ಲದ ಮನೆ ಒಂದರಿಂದ ಶುರು ಮಾಡಲಿ. ಯಾವ ದಿನ, ಯಾವ ಹೊತ್ತು ಅನ್ನುವುದನ್ನು ಮಾತ್ರ ಗೊತ್ತು ಮಾಡಿಕೊಳ್ಳಿ. 'ಬಿಡುವಾದಾಗ ಕೂರೋಣ' ಅಂದರೆ ಬಿಡುವು ಆಗುವುದೇ ಇಲ್ಲ.

ರಾತ್ರಿ ಊಟವೇ ಆಗಬೇಕಾ?

ಬೇಕಿಲ್ಲ. ಬೆಳಗಿನ ತಿಂಡಿಯೂ ಆಗುತ್ತದೆ, ರಜೆಯ ದಿನದ ಮಧ್ಯಾಹ್ನವೂ ಆಗುತ್ತದೆ. 57 ಅಧ್ಯಯನಗಳನ್ನು ಸೇರಿಸಿ 2018ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಯಾವ ಹೊತ್ತಿನ ಊಟ ಅನ್ನುವುದರಿಂದ ಫಲಿತಾಂಶ ಬದಲಾಗಲಿಲ್ಲ.

ಮನೇಲಿ ಇರೋದೇ ನಾನು, ನನ್ನ ಮಗಳು. ಇಬ್ಬರು ಕೂತ್ರೆ ಅದನ್ನ ಕುಟುಂಬದ ಊಟ ಅಂತಾರಾ?

ಯಾಕನ್ನಬಾರದು? 2018ರ ಅದೇ ವಿಶ್ಲೇಷಣೆ ಇದನ್ನೂ ನೋಡಿತ್ತು. ಎಷ್ಟು ಜನ ಕೂತಿದ್ದರು ಅನ್ನುವುದರಿಂದ ವ್ಯತ್ಯಾಸ ಕಾಣಲಿಲ್ಲ. ಅಜ್ಜಿ ಮೊಮ್ಮಗ ಇಬ್ಬರೇ ಕೂತರೂ ಅದು ಮನೆಯವರ ಊಟವೇ. ಮೇಜು ತುಂಬಿರಬೇಕು ಅನ್ನುವುದು ಜಾಹೀರಾತಿನ ಚಿತ್ರ.

ಎಷ್ಟು ಹೊತ್ತು ಕೂರಬೇಕು? ನಮ್ಮನೇಲಿ ಹತ್ತೇ ನಿಮಿಷಕ್ಕೆ ತಟ್ಟೆ ಖಾಲಿ.

ಈ ಪ್ರಶ್ನೆಗೆ ಒಂದು ಚೆಂದದ ಪ್ರಯೋಗವೇ ನಡೆದಿದೆ. ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 50 ಜೋಡಿಗಳನ್ನು ಊಟಕ್ಕೆ ಕರೆದರು. ಪ್ರತಿ ಜೋಡಿಯಲ್ಲಿ ತಂದೆ ಅಥವಾ ತಾಯಿ, ಜೊತೆಗೆ 6ರಿಂದ 11 ವರ್ಷದ ಒಂದು ಮಗು. ಒಂದು ದಿನ ಎಂದಿನಷ್ಟು ಹೊತ್ತು, ಅಂದರೆ ಸುಮಾರು 20 ನಿಮಿಷ ಕೂರಿಸಿದರು. ಇನ್ನೊಂದು ದಿನ ಅದಕ್ಕಿಂತ ಸುಮಾರು 10 ನಿಮಿಷ ಜಾಸ್ತಿ. ಜಾಸ್ತಿ ಕೂತ ದಿನ ಮಕ್ಕಳು ಸರಾಸರಿ ಏಳು ಚೂರು ಹಣ್ಣು ತರಕಾರಿ ಹೆಚ್ಚಿಗೆ ತಿಂದರು, ಹೆಚ್ಚುಕಮ್ಮಿ 100 ಗ್ರಾಂ. ಬ್ರೆಡ್ ಜಾಸ್ತಿ ತಿನ್ನಲಿಲ್ಲ, ಸಿಹಿಯೂ ಜಾಸ್ತಿ ತಿನ್ನಲಿಲ್ಲ. ತಿನ್ನುವ ವೇಗವೂ ಇಳಿದಿತ್ತು. 2023ರಲ್ಲಿ ಇದು ಪ್ರಕಟವಾಯಿತು.

ಗುಟ್ಟು ಇಷ್ಟೇ: ಹಣ್ಣು ತರಕಾರಿಯನ್ನು ಬಾಯಿಗೆ ಹಿಡಿಸುವಷ್ಟು ಸಣ್ಣಗೆ ಹೆಚ್ಚಿ ಕೈಗೆಟುಕುವಲ್ಲಿ ಇಟ್ಟಿದ್ದರು. ನಾನೂ ಮಾಡಿ ನೋಡಿದೆ. ಮಾತಿನ ಮಧ್ಯೆ ಮಗನ ಕೈ ತನ್ನಷ್ಟಕ್ಕೆ ಕ್ಯಾರೆಟ್ ಬಟ್ಟಲಿಗೆ ಹೋಗುತ್ತಿತ್ತು. 'ತಿನ್ನು' ಅಂದಿದ್ದರೆ ಹೋಗುತ್ತಿರಲಿಲ್ಲ, ಖಂಡಿತ. ಹೊಟ್ಟೆ ತುಂಬಿದ್ದು ಮೆದುಳಿಗೆ ಗೊತ್ತಾಗಲು ಸುಮಾರು 20 ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಮುಗಿಸುವವರು ಆ ಸುದ್ದಿ ತಲುಪುವ ಮೊದಲೇ ಎರಡನೇ ಸಲ ಬಡಿಸಿಕೊಂಡಿರುತ್ತಾರೆ.

ಅಡುಗೆ ಮಾಡೋಕೆ ಟೈಮಿಲ್ಲ. ಹೊರಗಿಂದ ತರಿಸಿದ್ದನ್ನ ಒಟ್ಟಿಗೆ ತಿಂದ್ರೆ ಲೆಕ್ಕಕ್ಕೆ ಬರುತ್ತಾ?

ಮಾತುಕತೆಯ ಲೆಕ್ಕಕ್ಕೆ ಬರುತ್ತದೆ. ಉಪ್ಪು, ಎಣ್ಣೆಯ ಲೆಕ್ಕದಲ್ಲಿ ಮನೆಯದಕ್ಕೆ ಸಮ ಅಲ್ಲ. ಅಪರೂಪಕ್ಕೆ ತರಿಸಿದರೆ ಏನೂ ಆಗುವುದಿಲ್ಲ. ದಿನಾ ತರಿಸುವ ಹಾಗಾದರೆ ಮೂರು ಬಗೆಯ ಅಡುಗೆಯ ಆಸೆ ಬಿಟ್ಟು ಒಂದೇ ಬಗೆ ಮಾಡಿ, ಜೊತೆಗೆ ಹೆಚ್ಚಿದ ಹಣ್ಣು ಇಡಿ. ನಾಲ್ಕು ಬಗೆ ಮಾಡಿ ಸುಸ್ತಾಗಿ ಕೂತವರ ಮುಖ ನೋಡಿಕೊಂಡು ಉಣ್ಣುವುದು ಯಾರಿಗೂ ಖುಷಿಯಲ್ಲ.

## ಮಕ್ಕಳ ವಿಷಯ

ಇನ್ನೂ ವರ್ಷ ತುಂಬದ ಮಗೂನ ನಮ್ಮ ಜೊತೆ ಕೂರಿಸಬಹುದಾ?

ಆರು ತಿಂಗಳು ತುಂಬಿದ ಮೇಲೆ ಹಾಲಿನ ಜೊತೆ ಬೇರೆ ಆಹಾರ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗಿನಿಂದಲೇ ಕೂರಿಸಿ. ಮಗು ನೆಟ್ಟಗೆ ಕೂತಿರಬೇಕು, ಒರಗಿ ಮಲಗಿದ ಹಾಗೆ ಇರಬಾರದು. ಅದರ ಪಾಲನ್ನು ಉಪ್ಪು, ಸಕ್ಕರೆ ಹಾಕುವ ಮೊದಲೇ ತೆಗೆದಿಡಿ. ಒಂದು ವರ್ಷದ ಒಳಗೆ ಜೇನುತುಪ್ಪ ಬೇಡವೇ ಬೇಡ. ಇಡೀ ಕಡಲೆ ಬೀಜ, ಕತ್ತರಿಸದ ದ್ರಾಕ್ಷಿ, ಗಟ್ಟಿ ಹಸಿ ಕ್ಯಾರೆಟ್ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಒಂದು ವರ್ಷ ದಾಟಿದ ಮೇಲೂ ಕೆಲವು ವರ್ಷ ಇವನ್ನು ದೂರ ಇಡಿ. ತಿನ್ನುವ ಮಗುವನ್ನು ಬಿಟ್ಟು ಎದ್ದು ಹೋಗಬೇಡಿ.

ಮಗ ತರಕಾರಿ ಮುಟ್ಟಲ್ಲ. ಮೊಬೈಲ್ ತೋರಿಸಿದ್ರೆ ಮಾತ್ರ ಬಾಯಿ ತೆಗೀತಾನೆ. ಏನ್ ಮಾಡೋದು?

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಕೆಲಸವನ್ನು ಎರಡು ಭಾಗ ಮಾಡಿಕೊಟ್ಟಿದ್ದಾರೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕಾ ಬೇಡವಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ಕೇಳಿದಾಗ ಸುಲಭ ಅನ್ನಿಸುತ್ತದೆ. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿದಾಗ ಬಾಯಿ ಮುಚ್ಚಿಕೊಂಡು ಕೂರುವುದಿದೆಯಲ್ಲ, ಅದು ಕಷ್ಟ.

ಹೊಸ ರುಚಿ ಒಪ್ಪಿಕೊಳ್ಳಲು ಕೆಲವು ಮಕ್ಕಳಿಗೆ 10ರಿಂದ 15 ಸಲ ಅದನ್ನು ನೋಡಿ, ಮುಟ್ಟಿ, ಮೂಸಿ ಆಗಬೇಕು. ನಮ್ಮಲ್ಲಿ ಹೆಚ್ಚಿನವರು ಮೂರನೇ ಸಲಕ್ಕೇ 'ಇವನಿಗೆ ಸೇರಲ್ಲ' ಅಂತ ಬರೆದುಬಿಡುತ್ತೇವೆ. ನನ್ನ ಮಗಳು ಮೊದಲ ವಾರ ಬೀನ್ಸ್ ಚೂರುಗಳನ್ನು ತಟ್ಟೆಯಂಚಿಗೆ ತಳ್ಳಿದಳು. ಆಮೇಲೆ ಸಾಲಾಗಿ ಜೋಡಿಸಿ ರೈಲು ಮಾಡಿದಳು. ಒಂದು ದಿನ ಎಂಜಿನ್ನನ್ನು ಕಚ್ಚಿ ಉಗಿದಳು. ತಿಂಗಳಾದ ಮೇಲೆ ಎರಡು ಬೋಗಿ ಹೊಟ್ಟೆಗೆ ಹೋಯಿತು. ಅಷ್ಟು ದಿನವೂ ನಾವು ನಮ್ಮ ತಟ್ಟೆಯ ಬೀನ್ಸ್ ತಿನ್ನುತ್ತಾ ಕೂತಿದ್ದೆವು, ಅಷ್ಟೇ ನಮ್ಮ ಪಾತ್ರ.

ಮೊಬೈಲ್ ನೋಡುತ್ತಾ ಬಾಯಿ ತೆಗೆಯುವ ಮಗು ಏನು ತಿಂದೆ, ಹೊಟ್ಟೆ ತುಂಬಿತಾ ಅನ್ನುವುದನ್ನೇ ಗಮನಿಸುವುದಿಲ್ಲ. ನಿಲ್ಲಿಸಿದ ಮೊದಲ ಕೆಲವು ದಿನ ಕಮ್ಮಿ ತಿನ್ನಬಹುದು. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಹಟದ ವಿಷಯ ಅಲ್ಲದೆಯೂ ಇರಬಹುದು.

'ಸ್ಕೂಲ್ ಹೇಗಿತ್ತು' ಅಂದ್ರೆ 'ಚೆನ್ನಾಗಿತ್ತು' ಅಂತಾನೆ, ಅಲ್ಲಿಗೆ ಮುಗೀತು. ಊಟದ ಹೊತ್ತಲ್ಲಿ ಏನು ಮಾತಾಡೋದು?

ಮೊದಲು ನೀವು ಹೇಳಿ. ಇವತ್ತು ಕೆಲಸದಲ್ಲಿ ಆದ ಎಡವಟ್ಟು, ದಾರಿಯಲ್ಲಿ ಕಂಡ ನಾಯಿ, ಕಳೆದುಹೋದ ಕೊಡೆ. ಪ್ರಶ್ನೆ ಕೇಳಿದರೆ ಮಕ್ಕಳಿಗೆ ಅದು ಪರೀಕ್ಷೆ. ಕಥೆ ಹೇಳಿದರೆ ನಡುವೆ ಬಾಯಿ ಹಾಕದೆ ಇರಲಾರರು.

ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಊಟದ ಹೊತ್ತಿನ ಮಾತನ್ನು ಟೇಪ್ ಮಾಡಿಸಿಕೊಂಡು ಕೇಳಿದರು. ದಿನಬಳಕೆಯಲ್ಲಿ ಅಪರೂಪವಾದ ಪದಗಳು, ಕಥೆ ಪುಸ್ತಕ ಓದಿ ಹೇಳುವಾಗ ಬರುವುದಕ್ಕಿಂತ ಊಟದ ಮಾತಿನಲ್ಲಿ ಜಾಸ್ತಿ ಬಂದಿದ್ದವು. ಅಂಥ ಮಾತು ಕೇಳಿ ಬೆಳೆದ ಮಕ್ಕಳ ಪದಸಂಪತ್ತು ಮುಂದೆ ಚೆನ್ನಾಗಿತ್ತು. ಯೋಚಿಸಿದರೆ ಆಶ್ಚರ್ಯ ಇಲ್ಲ. ಸಾಲ ಯಾಕೆ ಸಿಗಲಿಲ್ಲ, ಚಿಕ್ಕಪ್ಪನ ಗಾಡಿಯಲ್ಲಿ ಏನು ಕೆಟ್ಟಿತು ಅಂತ ದೊಡ್ಡವರು ಮಾತಾಡುವಾಗ ಬಡ್ಡಿ, ಜಾಮೀನು, ಕ್ಲಚ್ ಎಲ್ಲ ಮಗುವಿನ ಕಿವಿಗೆ ಬೀಳುತ್ತವೆ.

ಇನ್ನೊಂದು ಕೆಲಸ ಎಮೊರಿ ವಿಶ್ವವಿದ್ಯಾಲಯದ್ದು. ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಮ್ಮ ಬೆಳೆದದ್ದು ಎಲ್ಲಿ, ನೀನು ಹುಟ್ಟಿದಾಗ ಏನೇನಾಯಿತು ಗೊತ್ತಾ, ಈ ಥರದ್ದು. 2001ರ ಸುಮಾರಿಗೆ ಮಕ್ಕಳಿಗೆ ಇವನ್ನು ಕೇಳಿದರು, ಅವರ ಮನೆಯ ಊಟದ ಮಾತುಗಳನ್ನೂ ಟೇಪ್ ಮಾಡಿಸಿಕೊಂಡರು. ಮನೆತನದ ಕಥೆ ಜಾಸ್ತಿ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ಭರವಸೆಯೂ ಜಾಸ್ತಿ ಇತ್ತು. ಆ 20 ಪ್ರಶ್ನೆ ಬಾಯಿಪಾಠ ಮಾಡಿಸಿದರೆ ಏನೂ ಉಪಯೋಗವಿಲ್ಲ ಅಲ್ವಾ? ಅಷ್ಟೆಲ್ಲ ಗೊತ್ತಾಗಬೇಕಾದರೆ ಯಾರೋ ಎಷ್ಟೋ ಸಂಜೆ ಕೂತು ಹೇಳಿರಬೇಕು.

ಹೈಸ್ಕೂಲಿಗೆ ಹೋಗೋ ಮಗಳು ರೂಮಲ್ಲೇ ತಿಂತೀನಿ ಅಂತಾಳೆ. ಬಲವಂತ ಮಾಡಬೇಕಾ?

ದಿನಾ ಬಲವಂತ ಮಾಡಿದರೆ ಊಟವೇ ಶಿಕ್ಷೆಯಾಗುತ್ತದೆ. ಪೂರ್ತಿ ಬಿಟ್ಟರೂ ನಷ್ಟವೇ. ಕೆನಡಾದಲ್ಲಿ 11ರಿಂದ 15 ವರ್ಷದ 26,000 ಮಕ್ಕಳ ಮಾಹಿತಿ ನೋಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಮನೆಯವರ ಜೊತೆ ಹೆಚ್ಚು ಸಲ ಉಣ್ಣುವ ಮಕ್ಕಳ ಮನಸ್ಸು ಹೆಚ್ಚು ನೆಮ್ಮದಿಯಲ್ಲಿತ್ತು. ಹುಡುಗ ಹುಡುಗಿ, ಬಡವ ಬಲ್ಲಿದ ಅನ್ನುವ ಭೇದ ಇಲ್ಲದೆ ಹಾಗಿತ್ತು.

ಅವಳ ಜೊತೆಯೇ ಕೂತು ವಾರಕ್ಕೆ ಇಷ್ಟು ದಿನ ಅಂತ ಒಪ್ಪಂದ ಮಾಡಿಕೊಳ್ಳಿ. ಅದರಲ್ಲಿ ಒಂದು ದಿನದ ಅಡುಗೆ ಏನು ಅಂತ ಅವಳೇ ಹೇಳಲಿ. ಬಂದು ಕೂತವಳಿಗೆ 'ಅಂತೂ ದರ್ಶನ ಕೊಟ್ರಿ' ಅನ್ನಬೇಡಿ. ಮಾರ್ಕ್ಸ್ ವಿಚಾರಣೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಅವಳು ಮಾತಾಡದಿದ್ದರೂ ಪರವಾಗಿಲ್ಲ. ನನ್ನ ಮಗಳನ್ನು ಗೆಳತಿಯರ ಗುಂಪಿನಿಂದ ಹೊರಗೆ ಹಾಕಿದ್ದು ನನಗೆ ಗೊತ್ತಾದದ್ದು ಊಟ ಮುಗಿದ ಮೇಲೆ. ಸಿಂಕಿನ ಮುಂದೆ ನಿಂತು, ತಟ್ಟೆಯ ಮೇಲೆ ನಲ್ಲಿ ನೀರು ಬಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದಳು. ಅರ್ಧ ಗಂಟೆ ಸುಮ್ಮನೆ ಕೂತು ಉಂಡಿದ್ದು ಆ ಒಂದು ನಿಮಿಷಕ್ಕಾಗಿ ಅಂತ ಆಮೇಲೆ ಅನ್ನಿಸಿತು.

ಮಗಳು ಸ್ವಲ್ಪ ದಪ್ಪ ಆಗ್ತಿದ್ದಾಳೆ. ಊಟಕ್ಕೆ ಕೂತಾಗ ಹೇಳಿದ್ರೆ ತಪ್ಪೇನು?

ತಪ್ಪೇ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ 'ಪ್ರಾಜೆಕ್ಟ್ ಈಟ್' ಅನ್ನುವ ಅಧ್ಯಯನ 1990ರ ದಶಕದ ಕೊನೆಯಿಂದ ಹದಿಹರೆಯದವರ ಊಟದ ಅಭ್ಯಾಸ ನೋಡುತ್ತಾ ಬಂದಿದೆ. ತಂದೆ ತಾಯಿ ತೂಕದ ಮಾತೆತ್ತುವ ಮನೆಗಳಲ್ಲಿ ಮಕ್ಕಳು ಅಡ್ಡದಾರಿಯ ಡಯಟ್ ಹಿಡಿಯುವುದು ಹೆಚ್ಚು. ಆರೋಗ್ಯಕ್ಕೆ ಯಾವ ಆಹಾರ ಒಳ್ಳೆಯದು ಅಂತ ಮಾತಾಡುವ ಮನೆಗಳಲ್ಲಿ ಕಮ್ಮಿ. 'ಇನ್ನೊಂದು ಹಾಕ್ಕೋಬೇಡ' ಅನ್ನುವ ಒಂದು ಮಾತು ಸಾಕು, ನಾಳೆಯಿಂದ ಅವಳು ಮುಚ್ಚಿಟ್ಟು ತಿನ್ನುತ್ತಾಳೆ. ಊಟ ಬಿಡುವುದು, ತಿಂದ ತಕ್ಷಣ ಬಾತ್‌ರೂಮಿಗೆ ಓಡುವುದು ಕಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

## ದೊಡ್ಡವರ ತಕರಾರುಗಳು

ಎಲ್ಲರಿಗೂ ಬಡಿಸಿ ಕೊನೆಗೆ ನಾನೊಬ್ಬಳೇ ತಿನ್ನೋದು. ಇದು ಒಟ್ಟಿಗೆ ಊಟ ಹೇಗಾಗುತ್ತೆ?

ಆಗುವುದಿಲ್ಲ. ಇದನ್ನು ಕೇಳಿದವರು ಕಮ್ಮಿ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಒಬ್ಬರು ನಿಂತು ಬಡಿಸುತ್ತಾ ಉಳಿದವರು ಕೂತು ತಿಂದರೆ ಅದಕ್ಕೆ ಹೋಟೆಲ್ ಅಂತ ಹೆಸರು.

ನಮ್ಮ ಮನೆಯಲ್ಲೂ ಹಾಗೇ ಇತ್ತು. ನಾನು ಕೂರುವ ಹೊತ್ತಿಗೆ ಮಗ ಕೈ ತೊಳೆದಿರುತ್ತಿದ್ದ. ಬದಲಾಯಿಸಿದ್ದು ಒಂದೇ: ಪಾತ್ರೆಗಳೆಲ್ಲ ಮಧ್ಯಕ್ಕೆ ಬಂದವು. ನೀರಿನ ಜಗ್, ಉಪ್ಪಿನ ಡಬ್ಬಿ, ಎರಡು ಸೌಟು ಜಾಸ್ತಿ. ಎಲ್ಲರೂ ಕೂತ ಮೇಲೆಯೇ ಮೊದಲ ತುತ್ತು. ಏನಾದರೂ ಬೇಕು ಅಂದವರು ತಾವೇ ಎದ್ದು ತರಬೇಕು. ಮೊದಲ ವಾರ ಮಕ್ಕಳು 'ಅಮ್ಮಾ' ಅಂತ ನಾಲ್ಕು ಸಲ ಕೂಗಿದರು. ನಾನು ಕದಲದ್ದು ನೋಡಿ, ನಮ್ಮನೆಯವರೇ ಎದ್ದು ಹೋಗಿ ಫ್ರಿಜ್ಜಿನ ಮುಂದೆ ನಿಂತು 'ಮೊಸರೆಲ್ಲಿದೆ?' ಅಂತ ಕೇಳಿದರು. ಹದಿನಾರು ವರ್ಷದಿಂದ ಅದೇ ಜಾಗದಲ್ಲಿತ್ತು. ಈಗ ಕೇಳುವುದಿಲ್ಲ. ತಟ್ಟೆ ತೆಗೆಯುವುದು, ಒರೆಸುವುದು, ಪಾತ್ರೆ ತೊಳೆಯುವುದು ಹಂಚಿಹೋಗಿದೆ. ಅಡುಗೆಯ ಪಾಲು ಇನ್ನೂ ನನ್ನದೇ ಜಾಸ್ತಿ, ಆ ಜಗಳ ಮುಗಿದಿಲ್ಲ.

ಫೋನ್ ಪಕ್ಕಕ್ಕಿಡಿ ಅಂದ್ರೆ ಮಕ್ಕಳು ಇಡ್ತಾರೆ, ನಮ್ಮನೆಯವರೇ ಇಡಲ್ಲ.

ಅವರಿಗೆ ಈ ಪ್ರಯೋಗದ ಕಥೆ ಹೇಳಿ. ಸುಮಾರು 300 ಜನರನ್ನು ಗೆಳೆಯರು, ಮನೆಯವರ ಜೊತೆ ಒಂದು ಕೆಫೆಯಲ್ಲಿ ಊಟಕ್ಕೆ ಕೂರಿಸಿದರು. ಕೆಲವರ ಫೋನ್ ಮೇಜಿನ ಮೇಲೆ, ಉಳಿದವರದ್ದು ಬೇರೆ ಕಡೆ. ಮೇಜಿನ ಮೇಲಿದ್ದವರು ಊಟವನ್ನು ಅಷ್ಟು ಅನುಭವಿಸಲಿಲ್ಲ, ಗಮನವೂ ಚದುರಿತ್ತು. ಇದು 2018ರಲ್ಲಿ ಬಂತು.

ಕೆಲಸದ ಕರೆ ಬರುವವರು ರಿಂಗ್ ಜೋರು ಮಾಡಿ ಪಕ್ಕದ ಕೋಣೆಯಲ್ಲಿಡಲಿ. ತುರ್ತಿದ್ದರೆ ಕೇಳಿಸುತ್ತದೆ. ಟಿವಿ ವಿಷಯದಲ್ಲಿ ಒಂದು ಮಾತು: ಆರಿಸಿದರೆ ಒಳ್ಳೆಯದು. ಆದರೆ ಟಿವಿ ನೋಡುತ್ತಾ ಒಟ್ಟಿಗೆ ಉಣ್ಣುವ ಹದಿಹರೆಯದವರ ಆಹಾರ, ಒಟ್ಟಿಗೆ ಕೂರದೇ ಇರುವವರದ್ದಕ್ಕಿಂತ ಚೆನ್ನಾಗಿತ್ತು ಅಂತ ಅಮೆರಿಕದ ಒಂದು ಅಧ್ಯಯನದಲ್ಲಿ ಕಂಡಿದೆ. ಅದಕ್ಕೇ, ಟಿವಿಗಾಗಿ ಊಟವನ್ನೇ ಒಡೆಯಬೇಡಿ.

ಕೂತ್ರೆ ಜಗಳ ಆಗುತ್ತೆ. ಬೇರೆ ಬೇರೆ ತಿನ್ನೋದೇ ನೆಮ್ಮದಿ ಅಲ್ವಾ?

ಕೆಲವು ದಿನ ಹೌದು. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುತ್ತೇವೆ, ಆದರೆ ಎರಡನ್ನೂ ಒಂದೇ ಹೊತ್ತಿನಲ್ಲಿ ಬಲ್ಲವರಾಗುವುದು ಸುಲಭ ಅಲ್ಲ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಎಷ್ಟು ಸಲ ಕೂತರು ಅಂತ ಎಣಿಸುವ ಬದಲು ಕೂತಾಗ ವಾತಾವರಣ ಹೇಗಿತ್ತು ಅಂತ ಕೇಳಿದರು. ಆರು ವರ್ಷದಲ್ಲಿ ಊಟದ ಹೊತ್ತು ಹಿತವಾಗಿದ್ದ ಮಕ್ಕಳು ಹತ್ತು ವರ್ಷದ ಹೊತ್ತಿಗೆ ದೈಹಿಕವಾಗಿ ಗಟ್ಟಿಯಾಗಿದ್ದರು, ಹೊಡೆದಾಟ ಬಡಿದಾಟ ಕಮ್ಮಿ, ತಂಪು ಪಾನೀಯ ಕುಡಿಯುವುದೂ ಕಮ್ಮಿ.

ದುಡ್ಡು, ಮಾರ್ಕ್ಸ್, ಹಳೇ ತಪ್ಪು, ಈ ಮೂರನ್ನು ಊಟದ ಹೊತ್ತಿನಿಂದ ಹೊರಗಿಡಿ. ಊಟವನ್ನು ಚಿಕ್ಕದು ಮಾಡಿ, ಹದಿನೈದು ನಿಮಿಷ ಸಾಕು. ಮನೆಯಲ್ಲಿ ಯಾರಾದರೂ ಯಾರಿಗಾದರೂ ಹೆದರಿಕೊಂಡು ಬದುಕುತ್ತಿದ್ದರೆ ಅದು ಊಟದ ಮೇಜಿನಲ್ಲಿ ಸರಿಹೋಗುವ ವಿಷಯ ಅಲ್ಲ. ಅದಕ್ಕೆ ಹೊರಗಿನ ಸಹಾಯ ಬೇಕು.

ಇಬ್ಬರದ್ದೂ ಶಿಫ್ಟ್ ಕೆಲಸ. ಒಂದೇ ಹೊತ್ತಿಗೆ ಎಲ್ಲರೂ ಸಿಗೋದೇ ಇಲ್ಲ.

ಇರುವವರು ಕೂರಿ. ತಡವಾಗಿ ಬಂದವರಿಗೆ ಮುಚ್ಚಿಟ್ಟ ತಟ್ಟೆ ತೋರಿಸಿ ಮಲಗಲು ಹೋಗುವ ಬದಲು ಒಬ್ಬರು ಎದುರಿಗೆ ಕೂತುಕೊಳ್ಳಿ, ಒಂದು ಲೋಟ ಹಾಲು ಹಿಡಿದುಕೊಂಡಾದರೂ ಸರಿ.

ಮಾವ ಎಲ್ಲರಿಗಿಂತ ಮೊದಲೇ ಒಬ್ಬರೇ ತಿಂದು ಮಲಗ್ತಾರೆ. 'ನಂಗೆ ಅಭ್ಯಾಸ' ಅಂತಾರೆ. ಬಿಡಬಹುದಾ?

ಒಮ್ಮೆ ಕಾರಣ ನೋಡಿ. ಜಪಾನಿನಲ್ಲಿ 65 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಒಬ್ಬರೇ ಉಣ್ಣುವವರಲ್ಲಿ ಖಿನ್ನತೆ ಹೆಚ್ಚು ಕಂಡಿತು. ಮನೆಯಲ್ಲಿ ಜನ ಇದ್ದೂ ಒಬ್ಬರೇ ಉಣ್ಣುವ ಗಂಡಸರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು.

'ಅಭ್ಯಾಸ' ಅನ್ನುವ ಮಾತಿನ ಹಿಂದೆ ಬೇರೆ ಏನೋ ಇರಬಹುದು. ಹಲ್ಲು ಸೆಟ್ ಸಡಿಲವಾಗಿ ಅಗಿಯುವಾಗ ಸದ್ದು ಬರುತ್ತದೆ ಅನ್ನುವ ಮುಜುಗರ. ಕೈ ನಡುಗಿ ಚೆಲ್ಲುತ್ತದೆ ಅನ್ನುವ ಅಂಜಿಕೆ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಕಿವಿಗೆ ಏನೂ ತಿಳಿಯುವುದಿಲ್ಲ. ನೀವು ಅರ್ಧ ಗಂಟೆ ಬೇಗ ಕೂರಿ, ಅವರು ಅರ್ಧ ಗಂಟೆ ತಡವಾಗಿ ಕೂರಲಿ. ಮೆತ್ತಗಿನದ್ದು ಒಂದು ಇರಲಿ. ಅವರಿಗೆ ಚೆನ್ನಾಗಿ ಕೇಳುವ ಕಿವಿಯ ಕಡೆ ಮೊಮ್ಮಕ್ಕಳನ್ನು ಕೂರಿಸಿ.

## ಸ್ವಲ್ಪ ಆಳಕ್ಕೆ ಇಳಿದವರ ಪ್ರಶ್ನೆಗಳು

ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಮಕ್ಕಳಿಗೆ ಬೆಳೆಯೋ ವಯಸ್ಸು. ಒಂದೇ ಅಡುಗೆ ಹೇಗೆ ಸಾಧ್ಯ?

ಅಡುಗೆ ಒಂದೇ ಇರಲಿ, ತಟ್ಟೆ ಬೇರೆ ಆಗಲಿ. ಶುಗರ್ ಇದ್ದವರಿಗೆ ಹೇಳುವ ಸುಲಭದ ಲೆಕ್ಕ ಇದೆ: ಅರ್ಧ ತಟ್ಟೆ ಪಿಷ್ಟ ಕಮ್ಮಿ ಇರುವ ತರಕಾರಿ, ಕಾಲು ಭಾಗ ಪ್ರೊಟೀನ್, ಕಾಲು ಭಾಗ ಧಾನ್ಯ. ಅದೇ ಪಾತ್ರೆಯಿಂದ ಬೆಳೆಯುವ ಹುಡುಗ ಧಾನ್ಯ ಜಾಸ್ತಿ ಬಡಿಸಿಕೊಳ್ಳುತ್ತಾನೆ. ಬಿಪಿ ಇದ್ದವರ ಅಳತೆಗೆ ಉಪ್ಪು ಹಾಕಿ, ಬೇಕಾದವರು ಮೇಲೆ ಹಾಕಿಕೊಳ್ಳಲಿ. ಡಾಕ್ಟರ್ ಬೇರೆ ಪಥ್ಯ ಹೇಳಿದ್ದರೆ ಅದೇ ಸರಿ.

ಒಟ್ಟಿಗೆ ಉಣ್ಣೋ ಮನೆಗಳು ಮೊದಲೇ ಚೆನ್ನಾಗಿರ್ತವೆ, ಅದಕ್ಕೇ ಮಕ್ಕಳೂ ಚೆನ್ನಾಗಿರ್ತಾರೆ. ಇದರಲ್ಲಿ ಊಟದ್ದೇನು ಪಾತ್ರ?

ಒಳ್ಳೆಯ ಪೆಟ್ಟು. ಸಂಬಳ, ಬಿಡುವು, ನೆಮ್ಮದಿ ಇರುವ ಮನೆಯವರಿಗೆ ಒಟ್ಟಿಗೆ ಕೂರುವುದು ಸುಲಭ. 2012ರಲ್ಲಿ ಕೆಲ್ಲಿ ಮ್ಯೂಸಿಕ್ ಮತ್ತು ಆನ್ ಮೀಯರ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಮನೆಯ ಪರಿಸ್ಥಿತಿ, ಸಂಬಂಧಗಳ ಗುಣ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಊಟದ ಲಾಭ ಬಹಳ ಕರಗಿತು. ಖಿನ್ನತೆಯ ಲಕ್ಷಣಗಳ ವಿಷಯದಲ್ಲಿ ಸ್ವಲ್ಪ ಉಳಿಯಿತು, ಆದರೆ ಮಕ್ಕಳು ದೊಡ್ಡವರಾದ ಮೇಲೂ ಲಾಭ ಮುಂದುವರಿಯುತ್ತದೆ ಅನ್ನುವುದಕ್ಕೆ ಪುರಾವೆ ದುರ್ಬಲ. ಅದೇ ವರ್ಷ ಸುಮಾರು 21,000 ಮಕ್ಕಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ ಓದು, ನಡತೆಯ ಮೇಲೆ ಊಟದ ಸಂಖ್ಯೆಯ ಪರಿಣಾಮ ಹೆಚ್ಚೇನೂ ಕಾಣಲಿಲ್ಲ.

ಹಾಗಾಗಿ 'ಒಟ್ಟಿಗೆ ಉಂಡರೆ ಮಕ್ಕಳು ಫಸ್ಟ್ ರ‍್ಯಾಂಕ್' ಅನ್ನುವವರನ್ನು ನಂಬಬೇಡಿ. ಊಟದ ಹೊತ್ತನ್ನು ಉದ್ದ ಮಾಡಿದ ಬರ್ಲಿನ್‌ನ ಪ್ರಯೋಗ ಬೇರೆ ಥರದ್ದು. ಅಲ್ಲಿ ಅದೇ ಮಗು, ಅದೇ ತಾಯಿ ಅಥವಾ ತಂದೆ. ಬದಲಾದದ್ದು ಸಮಯ ಮಾತ್ರ, ಆದರೂ ತಟ್ಟೆ ಬದಲಾಯಿತು. ತರಕಾರಿಯ ವಿಷಯದಲ್ಲಿ ಪುರಾವೆ ಗಟ್ಟಿ, ಮನಸ್ಸಿನ ವಿಷಯದಲ್ಲಿ ಮಧ್ಯಮ, ಮಾರ್ಕ್ಸ್ ವಿಷಯದಲ್ಲಿ ತೆಳು. ನಾನು ಹೀಗೆ ಇಟ್ಟುಕೊಂಡಿದ್ದೇನೆ.

ಮಕ್ಕಳೆಲ್ಲ ದೂರ ಹೋದರು. ಈಗ ನಾವಿಬ್ಬರೇ, ಒಂದೊಂದು ಕಡೆ ಕೂತು ತಿಂತೀವಿ. ಇನ್ನು ಇದೆಲ್ಲ ನಮಗ್ಯಾಕೆ?

2025ರ ವಿಶ್ವ ಸಂತೋಷ ವರದಿಯಲ್ಲಿ ಜೊತೆಗೂಡಿ ಉಣ್ಣುವುದರ ಬಗ್ಗೆಯೇ ಒಂದು ಅಧ್ಯಾಯ ಇದೆ. 142 ದೇಶಗಳ ಜನರನ್ನು ಹಿಂದಿನ ವಾರ ಎಷ್ಟು ಊಟ ಪರಿಚಯದವರ ಜೊತೆ ಮಾಡಿದಿರಿ ಅಂತ ಕೇಳಿದ್ದರು. ಜಾಸ್ತಿ ಅಂದವರು ಬದುಕಿನ ಬಗ್ಗೆಯೂ ಜಾಸ್ತಿ ತೃಪ್ತರು, ಇದು ವಯಸ್ಸಾದವರಿಗೂ ಅನ್ವಯ. ಅಮೆರಿಕದಲ್ಲಿ 2023ರಲ್ಲಿ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರು. 2003ಕ್ಕೆ ಹೋಲಿಸಿದರೆ ಶೇ. 53ರಷ್ಟು ಏರಿಕೆ.

ಒಬ್ಬರ ತಟ್ಟೆ ಸೋಫಾದಲ್ಲಿ, ಇನ್ನೊಬ್ಬರದು ಅಡುಗೆಮನೆ ಕಟ್ಟೆಯ ಮೇಲೆ ಅಂದರೆ ಇಬ್ಬರೂ ಒಬ್ಬೊಬ್ಬರೇ ಉಂಡ ಲೆಕ್ಕ. ನಾಳೆ ಕಟ್ಟೆಯ ಮೇಲಿನ ತಟ್ಟೆಯನ್ನು ಸೋಫಾದ ಹತ್ತಿರ ತನ್ನಿ. ಭಾನುವಾರ ಪಕ್ಕದ ಮನೆಯಲ್ಲಿ ಒಬ್ಬರೇ ಇರುವವರನ್ನೂ ಕರೆಯಿರಿ, ಬರುವಾಗ ಅವರ ಮನೆಯ ಡಬ್ಬಿಯೂ ಬರಲಿ.